ಕೋಡಿಯ ಆಚೆಗೆ

ಬೆಂಗಳೂರಿನಲ್ಲಿ ಕೆರೆ ಕಾಣುವ ಮನೆಗೆ ಬೆಲೆ ಜಾಸ್ತಿ. ಅದೇ ಕಟ್ಟಡ, ಅದೇ ಮಹಡಿ, ಅಷ್ಟೇ ಚದರಡಿ. ಬಾಲ್ಕನಿ ನೀರಿನ ಕಡೆಗಿದ್ದರೆ ಒಂದು ದರ, ರಸ್ತೆಯ ಕಡೆಗಿದ್ದರೆ ಇನ್ನೊಂದು. ಕೊಳ್ಳುವವರದೇನೂ ತಪ್ಪಿಲ್ಲ. ಬೆಳಗ್ಗೆ ಎದ್ದರೆ ನೀರು ಕಾಣಬೇಕು, ಹಕ್ಕಿಯ ಸದ್ದು ಕೇಳಬೇಕು ಎಂಬ ಆಸೆ ಒಳ್ಳೆಯದೇ. ಆ ಆಸೆಯ ಬಲದಿಂದಲೇ ಕಳೆದ ಒಂದೂವರೆ ದಶಕದಲ್ಲಿ ಈ ನಗರದ ಎಷ್ಟೋ ಕೆರೆಗಳು ಜೀವ ಹಿಡಿದುಕೊಂಡಿವೆ. ನಾನಿರುವುದೂ ಸರ್ಜಾಪುರ ರಸ್ತೆಯ ಕಡೆಯ ಒಂದು ಕೆರೆಯ ಪಕ್ಕದಲ್ಲೇ. ನಮ್ಮ ನಿವಾಸಿಗಳ ಸಂಘದಲ್ಲಿ ಕೆರೆಯ ಮಾತು ಬಾರದ ಸಭೆಯಿಲ್ಲ. ಗಿಡ ನೆಡುವುದು, ಬೆಂಚು ಹಾಕಿಸುವುದು, ಕೆಟ್ಟ ದೀಪಕ್ಕೆ ದೂರು ಕೊಡುವುದು, ಭಾನುವಾರ ಕಸ ಆಯುವುದು, ಎಲ್ಲವೂ ನಡೆಯುತ್ತದೆ, ಮನಸ್ಸಿಟ್ಟೇ ನಡೆಯುತ್ತದೆ. ಇಷ್ಟೆಲ್ಲ ಮಾಡುವಾಗಲೂ ನಮ್ಮ ಕಣ್ಣು ನಿಲ್ಲದ ಜಾಗವೊಂದಿದೆ. ಅದು ಕೋಡಿ.

ನಡಿಗೆಯ ದಾರಿ ಕೋಡಿಯ ಮೇಲೆಯೇ ಹಾದುಹೋಗುತ್ತದೆ. ಅಲ್ಲೊಂದು ಸಣ್ಣ ಸೇತುವೆ. ಸೇತುವೆ ಬಂದ ಕೂಡಲೇ ಎಲ್ಲರ ಹೆಜ್ಜೆಯೂ ಚುರುಕಾಗುತ್ತದೆ, ಅಲ್ಲಿ ವಾಸನೆ ಇರುತ್ತದೆಂದು. ಹೂಬಿಡುವ ಮರಗಳ ಫೋಟೊ ತೆಗೆಯುವವರು, ದೂರದ ದಿಬ್ಬದ ಮೇಲೆ ಕೂತ ನೀರುಕಾಗೆಯನ್ನು ಮಕ್ಕಳಿಗೆ ತೋರಿಸುವವರು, ಯಾರೂ ಅಲ್ಲಿ ನಿಂತು ಕೆಳಗೆ ಬಗ್ಗಿ ನೋಡುವುದಿಲ್ಲ. ಹರಿದು ಹೋದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ‘ರಾಜಕಾಲುವೆಗೆ’ ಎನ್ನುತ್ತಾರೆ. ರಾಜಕಾಲುವೆ ಎಲ್ಲಿಗೆ ಹೋಗುತ್ತದೆ ಎಂದರೆ ಮಾತು ಅಲ್ಲಿಗೆ ನಿಲ್ಲುತ್ತದೆ.

ಈ ಜಾಗ ಹಳ್ಳಿಯಾಗಿದ್ದ ಕಾಲದಲ್ಲಿ ಜನ ಮೊದಲು ನೋಡುತ್ತಿದ್ದುದೇ ಕೋಡಿಯನ್ನು. ಕೆರೆ ಕೋಡಿ ಬಿತ್ತೆಂದರೆ ಊರಿಗೆ ಸಂಭ್ರಮ, ಗಂಗಮ್ಮನಿಗೆ ಪೂಜೆ, ಬಾಗಿನ. ಆ ಸಂಭ್ರಮ ಒಂದೇ ಊರಿನದಾಗಿರಲಿಲ್ಲ. ಇಲ್ಲಿ ಕೋಡಿ ಬಿದ್ದರೆ ಕೆಳಗಿನ ಊರಿನ ಕೆರೆಗೆ ನೀರು ಹೊರಟಿತು ಎಂದು ಅರ್ಥ. ಬೆಂಗಳೂರಿಗೆ ಹೇಳಿಕೊಳ್ಳುವಂಥ ನದಿಯಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ದಿಣ್ಣೆಯ ಮೇಲೆ ಕೂತ ಊರು ಇದು. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಕಣಿವೆಗಳಲ್ಲಿ ಇಳಿದು ಹೋಗುತ್ತದೆ. ಇಳಿಯುವ ನೀರನ್ನು ಹಂತಹಂತವಾಗಿ ತಡೆದು ನಿಲ್ಲಿಸಲು ಹಿರಿಯರು ಕೆರೆಗಳನ್ನು ಸಾಲಾಗಿ ಕಟ್ಟಿದರು. ಮೇಲಿನ ಕೆರೆಯ ಕೋಡಿಯೇ ಕೆಳಗಿನ ಕೆರೆಯ ಬಾಯಿ. ನಮ್ಮ ಕಡೆಯಲ್ಲೇ ನೋಡಿ: ಕೈಕೊಂಡ್ರಹಳ್ಳಿ ಕೆರೆಯಿಂದ ಸೌಳು ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ, ಬೆಳ್ಳಂದೂರಿನಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ. ಈ ಸಾಲಿನಲ್ಲಿ ‘ನಮ್ಮ ಕೆರೆ’ ಎಂದು ಬೇಲಿ ಹಾಕಿ ಬೇರೆ ಮಾಡಬಹುದಾದ ಕೆರೆ ಒಂದೂ ಇಲ್ಲ.

ಸಾಲಿನಲ್ಲಿ ಬದುಕುವವರಿಗೆ ಸಾಲಿನ ಧರ್ಮವೂ ಇತ್ತು. ಇಲ್ಲಿಂದ ದೂರವಲ್ಲದ ಅಗರದಲ್ಲಿ ಗಂಗರ ಕಾಲದ, ಸುಮಾರು ಕ್ರಿ.ಶ. 870ರ ಶಾಸನವೊಂದಿದೆ. ಕೆರೆಗಳಿಗೆ ತೂಬು ಇಡಿಸಿ, ಹೊಸ ಕೆರೆಯೊಂದನ್ನು ಕಟ್ಟಿಸಿದವನಿಗೆ ಬಿಟ್ಟುವಟ್ಟ ಕೊಟ್ಟ ಸಂಗತಿ ಅದರಲ್ಲಿದೆ. ಕೆರೆ ಕಟ್ಟಿದವನಿಗೆ, ಕಾಯುವವನಿಗೆ ಆ ಕೆರೆಯ ನೀರಿನಿಂದ ಬೆಳೆಯುವ ಭೂಮಿಯಲ್ಲೇ ಒಂದು ಪಾಲು. ತೂಬು ಎತ್ತಿ ಇಳಿಸುವ ನೀರಗಂಟಿಗೆ ಸುಗ್ಗಿಯ ಕಣದಲ್ಲಿ ಕಾಳು. ಆ ಕಾಲವನ್ನು ಚಿನ್ನದ ಕಾಲವೆಂದು ನಾನು ಹೊಗಳಲಾರೆ. ಯಾರು ಯಾವ ಕಡೆ ನೀರಿಗಿಳಿಯಬೇಕು, ಯಾರು ಇಳಿಯಲೇಬಾರದು ಎಂದು ಜಾತಿ ನಿರ್ಧರಿಸುತ್ತಿತ್ತು. ರಾತ್ರಿ ಏರಿಯ ಮೇಲೆ ಕಾವಲಿದ್ದ ನೀರಗಂಟಿ ಬಹಳ ಊರುಗಳಲ್ಲಿ ದಲಿತನೇ ಆಗಿದ್ದ. ಅವನು ಕಾದ ನೀರು ಅವನ ಗದ್ದೆಗೆ ಹರಿದದ್ದು ಕಡಿಮೆ. ಅದನ್ನು ಮರೆಮಾಚಿ ಹಳೆಯದನ್ನು ಕೊಂಡಾಡುವುದು ಅನ್ಯಾಯ. ಆದರೂ ಆ ವ್ಯವಸ್ಥೆಯಲ್ಲಿ ಒಂದು ಗಟ್ಟಿ ತಿಳಿವಳಿಕೆ ಇತ್ತು: ನೀರು ಬಳಸುವವನಿಗೆ ನೀರಿನ ಕೆಲಸವೂ ಅಂಟಿಕೊಂಡೇ ಬರುತ್ತದೆ. ಹೂಳೆತ್ತುವ ದಿನ ಮನೆಗೊಬ್ಬರು ಬರಬೇಕಿತ್ತು.

ಆ ಅಂಟು ಬಿಟ್ಟದ್ದು ನಲ್ಲಿ ಬಂದಮೇಲೆ. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಸುಮಾರು ನೂರು ಕಿಲೊಮೀಟರ್ ದೂರದ ಕಾವೇರಿಯಿಂದ ನೀರು ಬಂತು. ದೂರದ ನೀರು ಮನೆಯೊಳಗೆ ಬಂದಂತೆಲ್ಲ ಪಕ್ಕದ ನೀರು ಕಣ್ಣಿಗೆ ಬೇಡವಾಯಿತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು; ಕರಗದ ವಿಧಿಗಳಿಗೆಂದು ಮೂಲೆಯಲ್ಲಿ ಒಂದು ಕೊಳದಷ್ಟು ನೀರು ಉಳಿಯಿತು. ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನ. ಕೋರಮಂಗಲದ ಕೆರೆಯ ಜಾಗದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಮನೆಗಳೆದ್ದವು. ಈ ಪಟ್ಟಿಯನ್ನು ಬೆಂಗಳೂರಿಗರು ಅನೇಕ ಸಲ ಕೇಳಿದ್ದಾರೆ. ಕೇಳಿದಾಗಲೆಲ್ಲ ನಮಗೆ ನೆನಪಾಗುವುದು ಮುಚ್ಚಿಹೋದ ಕೆರೆ. ಆ ಕೆರೆಗೆ ಬರುತ್ತಿದ್ದ ನೀರು ಆಮೇಲೆ ಎಲ್ಲಿಗೆ ಹೋಯಿತು ಎಂಬುದನ್ನು ಕೇಳುವುದಿಲ್ಲ. ಅದು ಕೆಳಗಿನವರ ಮನೆಗೆ ಹೋಯಿತು.

ನಾಗರಿಕರು ಎದ್ದು ಬಂದದ್ದು ಇಷ್ಟಾದ ಮೇಲೆಯೇ, ಆದರೆ ಬಂದರು. ಜೆ.ಪಿ.ನಗರದ ಪುಟ್ಟೇನಹಳ್ಳಿ ಕೆರೆ ಹದಿಮೂರು ಎಕರೆ ಚಿಲ್ಲರೆಯ ಪುಟ್ಟ ಕೆರೆ. ಅದು ಒಣಗಿ ಕಸದ ಗುಂಡಿಯಾಗುತ್ತಿದ್ದಾಗ ಅಕ್ಕಪಕ್ಕದವರು 2010ರಲ್ಲಿ ಟ್ರಸ್ಟ್ ಮಾಡಿಕೊಂಡರು. ಮರುವರ್ಷ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ನಿರ್ವಹಣೆಯ ಹೊಣೆ ಹೊತ್ತರು. ಅವರು ಮಾಡಿದ ಕೆಲಸಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ಗಿಡ ನೆಟ್ಟದ್ದಲ್ಲ. ಸುತ್ತ ಕಟ್ಟಡಗಳೆದ್ದು ಮಳೆನೀರು ಬರುವ ದಾರಿಗಳೇ ಕಟ್ಟಿಹೋಗಿದ್ದವು. ಪಕ್ಕದ ದೊಡ್ಡ ವಸತಿ ಸಮುಚ್ಚಯದಲ್ಲಿ ಶುದ್ಧೀಕರಿಸಿದ ನೀರನ್ನು ಕೊಳವೆಯಲ್ಲಿ ತಂದು, ಜೊಂಡಿನ ನಡುವೆ ಹಾಯಿಸಿ ಕೆರೆಗೆ ಬಿಡುವ ಏರ್ಪಾಡು ಮಾಡಿದರು. ಮನೆಯಿಂದ ಹೊರಟ ನೀರೇ ಕೆರೆಯನ್ನು ಉಳಿಸುವ ನೀರಾಯಿತು. ಜಕ್ಕೂರು ಕೆರೆಯಲ್ಲೂ ಇದೇ ತತ್ವ, ದೊಡ್ಡ ಅಳತೆಯಲ್ಲಿ. ಜಲಮಂಡಳಿಯ ಘಟಕದಲ್ಲಿ ಶುದ್ಧವಾದ ನೀರು ಜೌಗಿನ ಜೊಂಡು, ಆಪುಗಳ ನಡುವೆ ನಿಧಾನವಾಗಿ ಹಾದು, ತನ್ನಲ್ಲಿ ಉಳಿದ ಸಾರಜನಕ, ರಂಜಕವನ್ನು ಆ ಗಿಡಗಳ ಬೇರಿಗೆ ಬಿಟ್ಟುಕೊಟ್ಟು ಕೆರೆ ಸೇರುತ್ತದೆ. ಅಲ್ಲಿ ಮೀನುಗಾರರು ಬಲೆ ಬೀಸುತ್ತಾರೆ, ಹೆಜ್ಜಾರ್ಲೆಗಳೂ ಬರುತ್ತವೆ. ಸುತ್ತಲಿನ ಬಾವಿಗಳಲ್ಲಿ ನೀರಿದೆ.

ಈ ಎರಡೂ ಕಡೆ ಕೆರೆಯನ್ನು ಬದುಕಿಸಿದ್ದು ಕಣ್ಣಿಗೆ ಕಾಣದ ಜಾಗದಲ್ಲಿ ನಡೆದ ಕೆಲಸ. ನೆಲದಡಿಯ ಕೊಳವೆ, ಘಟಕದೊಳಗಿನ ತೊಟ್ಟಿ, ಜೊಂಡಿನ ಬೇರು. ಇದನ್ನು ಯೋಚಿಸಿದಾಗಲೆಲ್ಲ ನಾನು ನಮ್ಮದೇ ಕಟ್ಟಡದ ನೆಲಮಾಳಿಗೆಗೆ ಹೋಗುತ್ತೇನೆ.

ದೊಡ್ಡ ಅಪಾರ್ಟ್‌ಮೆಂಟುಗಳಿಗೆ ತಮ್ಮದೇ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಕಡ್ಡಾಯ. ಕಾರುಗಳ ಸಾಲು ಮುಗಿದ ಮೇಲೆ ಒಂದು ಕಬ್ಬಿಣದ ಬಾಗಿಲು, ಒಳಗೆ ಸೆಕೆ, ಮೋಟರಿನ ಗುಂಯ್ ಎಂಬ ಸದ್ದು. ಕಂದು ಬಣ್ಣದ ನೀರು ತೊಟ್ಟಿಯಲ್ಲಿ ಕುದಿಯುವಂತೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಆ ಆಟವೇ ಘಟಕದ ಪ್ರಾಣ. ಬ್ಲೋವರ್ ಎಂಬ ಯಂತ್ರ ತಳದಿಂದ ಗಾಳಿ ಊದುತ್ತದೆ. ಆ ಗಾಳಿಯನ್ನು ಉಸಿರಾಡಿ ಕೋಟ್ಯಂತರ ಸೂಕ್ಷ್ಮಜೀವಿಗಳು ನಮ್ಮ ಹೊಲಸನ್ನು ತಿಂದು ತೀರಿಸುತ್ತವೆ. ಕೆಲವು ಗಂಟೆ ಗಾಳಿ ನಿಂತರೆ ಅವು ಸಾಯತೊಡಗುತ್ತವೆ, ನೀರು ಕಪ್ಪಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಸತ್ತ ಜೀವಿಗಳು ಸ್ವಿಚ್ ಹಾಕಿದ ಕೂಡಲೇ ಹುಟ್ಟಿ ಬರುವುದಿಲ್ಲ. ಮತ್ತೆ ಬೆಳೆಯಲು ದಿನಗಳು ಬೇಕು.

ಅಲ್ಲಿ ಕೆಲಸ ಮಾಡುವ ಹುಡುಗ ಯಾದಗಿರಿ ಕಡೆಯವನು. ಒಮ್ಮೆ ಬೆಳಗ್ಗೆ ಹೋದಾಗ ತೊಟ್ಟಿಯಲ್ಲಿ ಆ ವಾಸನೆ ಇತ್ತು. ಏನಾಯಿತಪ್ಪ ಎಂದು ಕೇಳಿದೆ. ‘ರಾತ್ರಿ ಹನ್ನೊಂದಕ್ಕ ಬಂದ್ ಮಾಡಂತ ಹೇಳ್ಯಾರ್ರಿ ಸಾರ್, ಮುಂಜಾನಿ ಐದಕ್ಕ ಹಚ್ತೀನ್ರಿ. ಕರೆಂಟ್ ಬಿಲ್ ಭಾಳ ಬರ್ತೈತಂತ’ ಎಂದ. ಆಮೇಲೆ ತಾನಾಗಿಯೇ ಸೇರಿಸಿದ: ‘ಅವೂ ಜೀವಾನೇ ಅಲ್ರೀ, ಉಸಿರು ಕಟ್ಟಿದ್ರ ಹೆಂಗ್ ಇರ್ತಾವ?’

ಕಡತ ತೆಗೆಸಿ ನೋಡಿದರೆ ಹಿಂದೆ ಯಾವಾಗಲೋ ಒಂದು ಸಮಿತಿ ಖರ್ಚು ಇಳಿಸಲೆಂದು ಮಾಡಿದ ತೀರ್ಮಾನ ಅದು. ದುರುದ್ದೇಶವೇನೂ ಇರಲಿಲ್ಲ. ನಿರ್ವಹಣಾ ಶುಲ್ಕ ಏರಿಸಿದರೆ ಜನ ಬೈಯುತ್ತಾರೆ. ಲಿಫ್ಟ್ ನಿಲ್ಲಿಸಿದರೆ ಬೈಯುತ್ತಾರೆ. ಈಜುಕೊಳದ ಪಂಪು ನಿಲ್ಲಿಸಿದರೂ ಬೈಯುತ್ತಾರೆ. ನೆಲಮಾಳಿಗೆಯ ಬ್ಲೋವರ್ ರಾತ್ರಿ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವವರು ಬೇರೆ ಕಡೆ ಇದ್ದಾರೆ, ಅವರಿಗೆ ನಮ್ಮ ಸಭೆಯಲ್ಲಿ ಓಟಿಲ್ಲ. ಕೆಡುಕು ಬಹಳ ಸಲ ಹೀಗೇ ನಡೆಯುತ್ತದೆ ಎಂದು ನನಗನಿಸಿದೆ. ಕ್ರೂರಿಗಳು ಯಾರೂ ಇರುವುದಿಲ್ಲ. ನೋವು ಅನುಭವಿಸುವವನು ಲೆಕ್ಕ ಹಾಕುವ ಮೇಜಿನಿಂದ ದೂರದಲ್ಲಿರುತ್ತಾನೆ, ಅಷ್ಟೆ. ರಾತ್ರಿಯೆಲ್ಲ ಬ್ಲೋವರ್ ಓಡಿಸುವ ಖರ್ಚನ್ನು ಮನೆಮನೆಗೆ ಹಂಚಿ ನೋಡಿದರೆ ತಿಂಗಳಿಗೊಮ್ಮೆ ಹೋಟೆಲಿನಲ್ಲಿ ತಿಂಡಿ-ಕಾಫಿಗೆ ಕೊಡುವಷ್ಟು. ಇದು ಗೊತ್ತಾದ ಮೇಲೆ ರಾತ್ರಿಯೂ ಅದನ್ನು ಓಡಿಸಲು ಯಾರೂ ವಿರೋಧಿಸಲಿಲ್ಲ.

ಕಾಣದ ಕೆಡುಕೆಲ್ಲ ಒಂದೆಡೆ ಕಂಡ ಜಾಗ ಬೆಳ್ಳಂದೂರು. ಸುಮಾರು 900 ಎಕರೆಯ ಕೆರೆ ಅದು. 2015ರ ಮೇ ತಿಂಗಳಲ್ಲಿ, ಮತ್ತೆ 2017ರ ಫೆಬ್ರವರಿಯಲ್ಲಿ, 2018ರ ಜನವರಿಯಲ್ಲಿ ಅಲ್ಲಿ ಬೆಂಕಿ ಎದ್ದಿತು. 2018ರಲ್ಲಿ ಆರಿಸಲು ಸೈನಿಕರು ಬರಬೇಕಾಯಿತು. ಯಮಲೂರಿನ ಕೋಡಿಯಲ್ಲಿ ನೊರೆ ಗುಡ್ಡೆಗುಡ್ಡೆಯಾಗಿ ಎದ್ದು, ಗಾಳಿಗೆ ಹಾರಿ ಬೈಕಿನಲ್ಲಿ ಹೋಗುವವರ ಮುಖಕ್ಕೆ ಬಡಿಯಿತು. ನೊರೆ ಎಂದರೆ ಬೇರೇನಲ್ಲ; ಸೋಪು, ಬಟ್ಟೆಪುಡಿ, ಪಾತ್ರೆ ತೊಳೆಯುವ ದ್ರವಗಳು ಶುದ್ಧವಾಗದೆ ಬಂದು, ಕೋಡಿಯ ಎತ್ತರದಿಂದ ಧುಮುಕುವಾಗ ಕಡೆದಂತಾಗಿ ಉಬ್ಬಿದ್ದು. ಆಗ ಎಲ್ಲರೂ ಬೆಳ್ಳಂದೂರಿನವರನ್ನು ನೋಡಿ ಅಯ್ಯೋ ಎಂದರು. ಆ ನೊರೆಯ ಬಹುಪಾಲು ಬೆಳ್ಳಂದೂರಿನವರದಾಗಿರಲಿಲ್ಲ. ನಗರದ ನಡುಭಾಗದಿಂದ ಹಿಡಿದು ಕಣಿವೆಯುದ್ದಕ್ಕೂ ಇರುವ ಲಕ್ಷಾಂತರ ಬಚ್ಚಲುಗಳದ್ದು. ಅಯ್ಯೋ ಎಂದವರ ಮನೆಯದೂ ಅದರಲ್ಲಿತ್ತು.

2022ರ ಸೆಪ್ಟೆಂಬರಿನಲ್ಲಿ ಇದೇ ಕಣಿವೆ ಇನ್ನೊಂದು ರೀತಿಯಲ್ಲಿ ಮಾತಾಡಿತು. ಒಂದೇ ರಾತ್ರಿ 130 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು, ಮೇಲಿನ ಕೆರೆಗಳು ತುಂಬಿ ಕೋಡಿ ಬಿದ್ದವು. ನೀರಿಗೆ ತನ್ನ ಹಳೆಯ ದಾರಿ ಮರೆತಿರಲಿಲ್ಲ. ಅಲ್ಲಿ ವಿಲ್ಲಾಗಳಿದ್ದವು, ಕಚೇರಿಗಳಿದ್ದವು, ಹೊರವರ್ತುಲ ರಸ್ತೆಯಿತ್ತು. ಟ್ರ್ಯಾಕ್ಟರುಗಳಲ್ಲಿ, ರಬ್ಬರ್ ದೋಣಿಗಳಲ್ಲಿ ಜನ ಹೊರಬಂದರು. ದೊಡ್ಡ ಮನೆಗಳ ಚಿತ್ರಗಳು ಎಲ್ಲೆಡೆ ಹರಡಿದವು. ಅವುಗಳ ಹಿಂದಿನ ಓಣಿಯ ಶೆಡ್ಡುಗಳಲ್ಲಿದ್ದ ಕೂಲಿಯವರ ಅಕ್ಕಿಚೀಲ, ಹಾಸಿಗೆ, ಮಕ್ಕಳ ಪುಸ್ತಕ ತೇಲಿಹೋದದ್ದರ ಚಿತ್ರಗಳು ಅಷ್ಟು ಬರಲಿಲ್ಲ. ನೀರಿನ ದಾರಿಗೆ ಜಾಗ ಬಿಡಬೇಕೆಂಬ ಮಾತು ನ್ಯಾಯಾಲಯಗಳಲ್ಲೂ ಎದ್ದು ಬಿದ್ದು ಸಾಗಿದೆ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಯಲು ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಕಾನೂನಿನ ಕಾರಣಗಳೇನೇ ಇರಲಿ, ಕಡಿಮೆ ಬಿಡಬಹುದು ಎಂದಾದಾಗ ಹೆಚ್ಚು ಬಿಟ್ಟ ಬಿಲ್ಡರನ್ನು ನಾನು ನೋಡಿಲ್ಲ. ಹೆಚ್ಚು ಬಿಟ್ಟಿದ್ದೀರಾ ಎಂದು ಕೇಳಿ ಮನೆ ಕೊಂಡವರನ್ನೂ ನೋಡಿಲ್ಲ. ಕೇಳಬೇಕಾದ ಪ್ರಶ್ನೆ ಅದು. ಬಾಲ್ಕನಿಯ ದಿಕ್ಕು ಕೇಳುವ ಮೊದಲು ಕೇಳಬೇಕಾದದ್ದು.

ಇನ್ನು ನಮ್ಮ ಕೆರೆಯ ‘ಅಭಿವೃದ್ಧಿ’. ಹೂಳೆತ್ತುವ ನೆಪದಲ್ಲಿ ಕೆರೆಯನ್ನು ಎಲ್ಲ ಕಡೆಯಿಂದ ಒಂದೇ ಸಮ ಆಳ ಮಾಡಿ, ಸುತ್ತ ಕಡಿದಾದ ದಂಡೆ ಏರಿಸಿ, ಮೇಲೆ ಸಿಮೆಂಟಿನ ಇಟ್ಟಿಗೆ ಹಾಸುವುದು ಬಹಳ ಕಾಲ ರೂಢಿಯಲ್ಲಿತ್ತು. ಕೆರೆ ಸಹಜವಾಗಿ ಹಾಗಿರುವುದಿಲ್ಲ. ಏರಿಯ ಕಡೆ ಆಳ, ನೀರು ಬರುವ ಕಡೆ ಮೊಣಕಾಲುದ್ದ, ಅದರಾಚೆ ನೆಲವೋ ನೀರೋ ಗೊತ್ತಾಗದ ಕೆಸರು. ಆ ಕೆಸರಿನಲ್ಲೇ ಕೊಕ್ಕರೆ ಹುಳ ಹೆಕ್ಕುವುದು, ಜಂಬುಕೋಳಿ ಜೊಂಡಿನ ನಡುವೆ ಮರಿ ಮಾಡುವುದು, ಕಪ್ಪೆ ಮೊಟ್ಟೆಯಿಡುವುದು. ಕೆಸರು ನಮ್ಮ ಕಣ್ಣಿಗೆ ಗಲೀಜು. ದಡ ಚೊಕ್ಕಟವಾದಷ್ಟೂ ಆ ಜೀವಗಳಿಗೆ ಜಾಗ ಕಡಿಮೆ. ರಾತ್ರಿಯಿಡೀ ಉರಿಯುವ ಪ್ರಖರ ದೀಪಗಳು ನಮಗೆ ಸುರಕ್ಷೆ, ಮರದಲ್ಲಿ ಮಲಗುವ ಬಕಗಳಿಗೆ ನಿದ್ದೆಗೇಡು. ನಡಿಗೆಯ ದಾರಿಗೆ ಮಾತ್ರ ಬೆಳಕು ಬೀಳುವಂತೆ, ತಗ್ಗಿನಲ್ಲಿ ದೀಪ ಹಾಕಿದರೆ ಇಬ್ಬರಿಗೂ ಸಾಕು. ಇಂಥದಕ್ಕೆಲ್ಲ ಹೆಚ್ಚು ಹಣ ಬೇಕಿಲ್ಲ.

ಬೇಲಿಯ ಮಾತು ಇದಕ್ಕಿಂತ ಕಷ್ಟದ್ದು. ನಮ್ಮ ಕೆರೆಯ ಸುತ್ತ ತಂತಿಬೇಲಿ ಬಂದಿದೆ. ಕಟ್ಟಡದ ಭಗ್ನಾವಶೇಷ ತಂದು ಸುರಿಯುವ ಲಾರಿಗಳನ್ನು ತಡೆಯಲು ಅದು ಬೇಕಿತ್ತು. ಗೇಟಿಗೆ ಬೆಳಗ್ಗೆ, ಸಂಜೆ ಹೊತ್ತು ಗೊತ್ತುಮಾಡಿದ್ದಾರೆ. ಪಕ್ಕದಲ್ಲೊಂದು ಫಲಕ: ದನ ತೊಳೆಯಬಾರದು, ಬಟ್ಟೆ ಒಗೆಯಬಾರದು, ಮೀನು ಹಿಡಿಯಬಾರದು, ಸೊಪ್ಪು ಕೀಳಬಾರದು. ಹಳೆಯ ಊರಿನ ಭಾಗದಿಂದ ಬರುವ ಅಜ್ಜಿಯೊಬ್ಬರು ಮಡಿಲಲ್ಲಿ ಸೊಪ್ಪು ಕಟ್ಟಿಕೊಂಡು ಹೋಗುವುದನ್ನು ನಾನು ಬೇಲಿಗೆ ಮೊದಲೂ ನೋಡಿದ್ದೆ. ಈಗ ಅವರು ಬೇಲಿ ಸಡಿಲವಿರುವ ಕಡೆ ನುಸುಳಿ ಬರುತ್ತಾರೆ. ಯಾವ ಸೊಪ್ಪಮ್ಮ ಎಂದು ಕೇಳಿದರೆ ‘ಹೊನಗೊನೆ ಕಣಪ್ಪ, ಕಣ್ಣಿಗೆ ಒಳ್ಳೇದು’ ಎಂದರು. ಈ ನೀರಿನದು ತಿನ್ನಬಹುದೇ ಎಂದೆ. ಅವರು ಕೆರೆಯ ಉತ್ತರದ ಮೂಲೆಗೆ ಕೈ ತೋರಿಸಿದರು. ‘ಆ ಮೂಲೇಲಿ ಕೊಳಚೆ ಬತ್ತದೆ, ಅಲ್ಲಿ ಮುಟ್ಟಾಕಿಲ್ಲ. ಈ ಬಂಡೆ ತಾವೇ ಊಟೆ ಅದೆ, ಇಲ್ಲೀದು ಮಾತ್ರ ಕೀಳೋದು. ಮಳೆ ಬಂದ್ ಮಾರ್ನೆ ದಿನ ಇಲ್ಲೀದೂ ಕೀಳಾಕಿಲ್ಲ.’

ಕೆರೆಯ ಯಾವ ಭಾಗಕ್ಕೆ ಯಾವ ನೀರು ಬರುತ್ತದೆ, ಎಲ್ಲಿ ಒರತೆ ಇದೆ, ಮಳೆ ಬಂದ ಎಷ್ಟು ದಿನಕ್ಕೆ ನೀರು ತಿಳಿಯಾಗುತ್ತದೆ ಎಂಬುದು ಅವರಿಗೆ ಗೊತ್ತು. ನಮ್ಮ ಸಂಘದಲ್ಲಿ ಎಂಜಿನಿಯರುಗಳಿದ್ದಾರೆ, ನೀರಿನ ಪರೀಕ್ಷೆ ಮಾಡಿಸುವ ಕಿಟ್ ಇದೆ. ಒರತೆಯ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಫಲಕದ ಪ್ರಕಾರ ಅವರು ಅಪರಾಧಿ. ಕೆರೆಗೆ ಅವರು ಮಾಡಿದ ಕೇಡು ಒಂದು ಹಿಡಿ ಸೊಪ್ಪು. ಮೇಲಿನ ಬೀದಿಯ ಮ್ಯಾನ್‌ಹೋಲ್ ಉಕ್ಕಿ ರಾತ್ರಿಯೆಲ್ಲ ಕೆರೆಗೆ ಹರಿಯುವುದಕ್ಕೆ ಯಾವ ಫಲಕವೂ ಇಲ್ಲ. ಅಭಿವೃದ್ಧಿಯ ಹೆಸರಿನಲ್ಲಿ ಬಡವರನ್ನು ಹೊರಗಿಟ್ಟು ಕೆರೆಯನ್ನು ಉದ್ಯಾನವಾಗಿಸುವುದು ನನಗೆ ಒಪ್ಪಿಗೆಯಿಲ್ಲ. ಇದನ್ನು ಸಂಘದಲ್ಲಿ ಹೇಳಿದಾಗ ಕೆಲವರಿಗೆ ಬೇಸರವಾಯಿತು. ನಿಯಮ ಸಡಿಲಿಸಿದರೆ ಯಾರು ಬೇಕಾದರೂ ಬರುತ್ತಾರಲ್ಲ ಎಂದು ಒಬ್ಬ ಹಿರಿಯರು ಕೇಳಿದರು. ಅವರ ಆತಂಕ ನಿಜವಾದದ್ದು. ಹತ್ತು ವರ್ಷ ಓಡಾಡಿ ಲಾರಿಗಳನ್ನು ನಿಲ್ಲಿಸಿದವರು ಅವರೇ. ಆದರೆ ಲಾರಿಗೆ ಹಾಕಿದ ಬೇಲಿ ಅಜ್ಜಿಗೆ ತಾಗಬಾರದು. ಎರಡನ್ನೂ ಬೇರೆಬೇರೆಯಾಗಿ ನೋಡುವ ವಿವೇಕ ನಮಗೆ ಇರಬೇಕು.

ಸಂಘಗಳ ಕೈ ಎಷ್ಟು ಉದ್ದ ಎಂಬ ಪ್ರಶ್ನೆಯೂ ಇದೆ. ಒಳಚರಂಡಿ ಹಾಕುವುದು, ಒತ್ತುವರಿ ತೆರವು ಮಾಡಿಸುವುದು ನಾಗರಿಕರ ಕೆಲಸವಲ್ಲ, ಸರ್ಕಾರದ್ದು. ಭಾನುವಾರದ ಶ್ರಮದಾನ ಅದಕ್ಕೆ ಬದಲಿಯಾಗಲಾರದು, ಆಗಲೂ ಬಾರದು. ನಾಗರಿಕರು ಮಾಡಬಹುದಾದದ್ದು ತಮ್ಮ ಗೇಟಿನೊಳಗಿನದನ್ನು ಸರಿಯಾಗಿ ಮಾಡಿ, ಆ ನೈತಿಕ ಬಲದಿಂದ ಗೇಟಿನ ಹೊರಗಿನದನ್ನು ಕೇಳುವುದು. ಬ್ಲೋವರ್ ನಿಲ್ಲಿಸಿದವರು ಜಲಮಂಡಳಿಯ ಮುಂದೆ ನಿಂತು ಏನು ಕೇಳಿಯಾರು?

ಗೇಟಿನಿಂದ ಹೊರಟ ನೀರು ಎಷ್ಟು ದೂರ ಹೋಗುತ್ತದೆ ಎಂಬುದು 2018ರಿಂದ ಹೊಸ ಅರ್ಥ ಪಡೆದಿದೆ. ಆ ವರ್ಷದ ಜೂನಿನಲ್ಲಿ ಕೆ.ಸಿ.ವ್ಯಾಲಿ ಯೋಜನೆಯ ಮೊದಲ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ನಮ್ಮ ಇದೇ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಒಳಚರಂಡಿ ನೀರನ್ನು ಎರಡು ಹಂತ ಶುದ್ಧೀಕರಿಸಿ, ಪಂಪ್ ಮಾಡಿ, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ನೂರಕ್ಕೂ ಮಿಕ್ಕಿದ ಕೆರೆಗಳನ್ನು ತುಂಬಿಸುವ ಯೋಜನೆ. ದಿನಕ್ಕೆ ನಾಲ್ಕು ನೂರು ದಶಲಕ್ಷ ಲೀಟರಿಗೂ ಹೆಚ್ಚು ನೀರು ಕೊಡುವ ಉದ್ದೇಶ. ಸಾವಿರಾರು ಅಡಿ ಕೊರೆದರೂ ನೀರು ಸಿಗದಿದ್ದ ಸೀಮೆ ಅದು. ಬೀಳುಬಿದ್ದ ಕೆರೆಗಳಲ್ಲಿ ನೀರು ನಿಂತದ್ದನ್ನು ನೋಡಿ ಅಲ್ಲಿನ ಹಿರಿಯರು ಕಣ್ಣೀರು ಹಾಕಿದ್ದಾರೆ. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಏರಿದೆ. ಆದರೆ 2018ರ ಜುಲೈನಲ್ಲೇ ಅದೇ ಲಕ್ಷ್ಮೀಸಾಗರದಲ್ಲಿ ನೊರೆ ಕಾಣಿಸಿಕೊಂಡಿತು. ಬೆಳ್ಳಂದೂರಿನ ನೊರೆ ಕೋಲಾರಕ್ಕೆ ಹೋಗಿತ್ತು. ವಿಷಯ ನ್ಯಾಯಾಲಯಕ್ಕೆ ಹೋಯಿತು, ನೀರು ನಿಂತಿತು, ಮತ್ತೆ ಹರಿಯಿತು. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂದು ಅಲ್ಲಿನ ರೈತ ಹೋರಾಟಗಾರರು ಕೇಳುತ್ತಲೇ ಇದ್ದಾರೆ.

ಅವರ ಬೇಡಿಕೆ ನ್ಯಾಯವಾದದ್ದು. ಕಾವೇರಿಯ ನೀರನ್ನು ನೂರು ಕಿಲೊಮೀಟರ್ ದೂರದಿಂದ ಮೇಲಕ್ಕೆ ಎತ್ತಿ ತರುವಾಗ ಅದು ಶುದ್ಧವಾಗಿರಬೇಕೆಂದು ನಾವು ಒತ್ತಾಯಿಸುತ್ತೇವೆ. ನಮ್ಮಿಂದ ಮುಂದಕ್ಕೆ ಹೋಗುವ ನೀರಿನ ವಿಚಾರದಲ್ಲಿ ‘ಬಂಜರು ಸೀಮೆಗೆ ಇಷ್ಟಾದರೂ ಸಿಕ್ಕಿತಲ್ಲ’ ಎನ್ನುವ ಮಾತು ನಗರದಲ್ಲಿ ಕೇಳಿಬರುತ್ತದೆ. ಆ ಮಾತು ನನಗೆ ನೋವು ಕೊಡುತ್ತದೆ. ಕೊಡುವ ಕೈಗೆ ಹಾಗೆ ಯೋಚಿಸುವ ಹಕ್ಕಿಲ್ಲ. ಅದೂ ಕೊಡುತ್ತಿರುವುದು ನಮ್ಮ ಸ್ವಂತದ್ದೇನಲ್ಲ, ಒಮ್ಮೆ ಬಳಸಿ ಬಿಟ್ಟ ಇನ್ನೊಬ್ಬರ ನದಿ. ಆ ನೀರಿನಿಂದ ಮೇಲೆದ್ದ ಅಂತರ್ಜಲದಲ್ಲಿ ಬೆಳೆದ ಟೊಮೆಟೊ, ಹುರುಳಿಕಾಯಿ, ಕೊತ್ತಂಬರಿ ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಎದುರು ತಳ್ಳುಗಾಡಿಯಲ್ಲೇ ಬರುತ್ತವೆ. ಚೌಕಾಸಿ ಮಾಡಿ ಕೊಳ್ಳುತ್ತೇವೆ.

ನಮ್ಮ ಸಂಘದಲ್ಲಿ ಈಚೆಗೆ ಒಂದೆರಡು ಬದಲಾವಣೆಗಳಾಗಿವೆ. ಬ್ಲೋವರ್ ಎಷ್ಟು ಗಂಟೆ ಓಡಿತು, ಹೊರಬಿಟ್ಟ ನೀರಿನ ಪರೀಕ್ಷೆಯಲ್ಲಿ ಏನು ಬಂತು ಎಂಬ ಹಾಳೆಯನ್ನು ತಿಂಗಳಿಗೊಮ್ಮೆ ಲಿಫ್ಟಿನ ಪಕ್ಕದ ಫಲಕಕ್ಕೆ ಹಚ್ಚುತ್ತಾರೆ. ಮೊದಲು ಯಾರೂ ಓದುತ್ತಿರಲಿಲ್ಲ. ಈಗ ಏಳನೇ ತರಗತಿಯ ಹುಡುಗಿಯೊಬ್ಬಳು ಹಿಂದಿನ ತಿಂಗಳ ಅಂಕಿಯನ್ನು ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿಡುತ್ತಾಳೆ. ಏರಿದ್ದರೆ ಕೆಳಗೆ ಗೆರೆ ಎಳೆಯುತ್ತಾಳೆ. ಯಾದಗಿರಿಯ ಹುಡುಗ ಆ ಗೆರೆಗಳನ್ನು ನೋಡಲು ಮೇಲೆ ಬರುತ್ತಾನೆ.

ಮುಂದಿನ ಸಭೆಗೆ ಮೂರು ವಿಷಯಗಳಿವೆ. ಒಂದು, ಕೆರೆಯ ಉತ್ತರದ ಮೂಲೆಗೆ ಬರುವ ಕೊಳಚೆ ಯಾವ ಬೀದಿಯದು ಎಂದು ಮ್ಯಾನ್‌ಹೋಲುಗಳನ್ನು ಒಂದೊಂದಾಗಿ ಪತ್ತೆ ಮಾಡಿ ಜಲಮಂಡಳಿಗೆ ಬರೆದುಕೊಡುವುದು. ಇದಕ್ಕೆ ಎಲ್ಲರ ಒಪ್ಪಿಗೆಯಿದೆ. ಎರಡನೆಯದು, ಕೆಳಗಿನ ಕೆರೆಯ ಪಕ್ಕದ ನಿವಾಸಿಗಳನ್ನೂ ಅಲ್ಲಿನ ಮೀನುಗಾರರನ್ನೂ ಕರೆಸಿ, ನಮ್ಮ ಕೋಡಿಯಿಂದ ಅವರಿಗೆ ಏನು ಬರುತ್ತಿದೆ ಎಂದು ಅವರ ಬಾಯಿಂದಲೇ ಕೇಳುವುದು. ಬಂದವರು ಬೈದರೆ ಏನು ಮಾಡುವುದು ಎಂಬ ಅಳುಕು ಕೆಲವರಿಗಿದೆ; ಬೈದರೆ ಕೂತು ಕೇಳೋಣ ಎಂದು ನಾನು ಹೇಳಿದ್ದೇನೆ. ಮೂರನೆಯ ವಿಷಯಕ್ಕೆ ವಿರೋಧ ಹೆಚ್ಚು. ಫಲಕದಿಂದ ‘ಸೊಪ್ಪು ಕೀಳಬಾರದು’ ಎಂಬ ಸಾಲನ್ನು ಅಳಿಸಿ, ಹಳೆಯ ಊರಿನವರಿಗೆ ಬಂಡೆಯ ಕಡೆಯಿಂದ ಒಂದು ಸಣ್ಣ ಗೇಟು ಇಡಬೇಕು, ಅದಕ್ಕೆ ಹೊತ್ತಿನ ಕಟ್ಟು ಇರಬಾರದು ಎಂಬುದು. ಅದನ್ನು ಬರೆದುಕೊಟ್ಟವನು ನಾನೇ. ಪಾಲಿಕೆಯ ಅನುಮತಿ ಬೇಕಾಗುತ್ತದೆ, ಸಂಘದ ಬಹುಮತವೂ ಬೇಕು. ಈಗಿರುವ ಲೆಕ್ಕದಲ್ಲಿ ಬಹುಮತ ಸಿಗುವುದಿಲ್ಲ. ಸಭೆಗೆ ಇನ್ನೂ ದಿನಗಳಿವೆ. ಸಂಜೆ ಹೊತ್ತು ಒಂದೊಂದೇ ಮನೆಯ ಬಾಗಿಲು ತಟ್ಟಿ ಮಾತಾಡುತ್ತಿದ್ದೇನೆ. ಒಲ್ಲೆ ಎಂದವರನ್ನು ಬೆಳಗ್ಗೆ ನನ್ನ ಜೊತೆ ಆ ಬಂಡೆಯವರೆಗೆ ಬರಲು ಕರೆಯುತ್ತೇನೆ, ಕೆಲವರು ಬರುತ್ತಾರೆ.